ಕಿಲ್ವಾದ ಮಸೀದಿ ಕಟ್ಟಿದ್ದು ಯಾರು?

ಕಿಲ್ವಾದ ಫೋಟೊ ತೋರಿಸಿದಾಗಲೆಲ್ಲ ಒಂದೇ ಪ್ರಶ್ನೆ ಬರುತ್ತದೆ: "ಇದನ್ನ ಅರಬರು ಬಂದು ಕಟ್ಟಿದ್ದು, ಅಲ್ವಾ?" ಇಲ್ಲ. ಕಟ್ಟಿದ್ದು ಪೂರ್ವ ಆಫ್ರಿಕದ ಕರಾವಳಿಯ ಸ್ವಾಹಿಲಿ ಜನರೇ.

ಟಾಂಜಾನಿಯದ ದಕ್ಷಿಣ ಕರಾವಳಿಯ ಪಕ್ಕದಲ್ಲೇ ಕಿಲ್ವಾ ಕಿಸಿವಾನಿ ಎಂಬ ಪುಟ್ಟ ದ್ವೀಪವಿದೆ. ಅಲ್ಲಿನ ದೊಡ್ಡ ಮಸೀದಿ ಶುರುವಾದದ್ದು 11ನೇ ಶತಮಾನದಲ್ಲಿ. ಪರ್ಷಿಯದ ಶಿರಾಜಿನಿಂದ ಬಂದ ಅಲಿ ಎಂಬಾತ ಈ ಊರಿನ ಮೊದಲ ಸುಲ್ತಾನ ಎಂದು ಕಿಲ್ವಾದ ಹಳೆಯ ಚರಿತ್ರೆ ಹೇಳುತ್ತದೆ. ಹೊರಗಿನವರು ಬಂದದ್ದು ನಿಜ. ಈ ಕರಾವಳಿಯ ಹಳೆಯ ಗೋರಿಗಳ ಬಗ್ಗೆ 2023ರಲ್ಲಿ ಪ್ರಕಟವಾದ ಡಿಎನ್‌ಎ ಅಧ್ಯಯನದಲ್ಲೂ ಪರ್ಷಿಯ ಕಡೆಯ ಗಂಡಸರು, ಆಫ್ರಿಕದ ಹೆಂಗಸರು ಸೇರಿ ಬೆಳೆದ ಮನೆತನಗಳು ಕಂಡವು. ಆದರೆ ಬಂದವರು ಅಲ್ಲಿಯವರೇ ಆಗಿಹೋದರು. ಮನೆಮಾತು ಸ್ವಾಹಿಲಿಯೇ ಆಯಿತು.

ಕಟ್ಟಡ ನೋಡಿದರೆ ಇದು ಇನ್ನೂ ಸ್ಪಷ್ಟ. ಅದರ ಕಲ್ಲು ಹವಳ. ಸಮುದ್ರದೊಳಗಿಂದ ತೆಗೆದಾಗ ಹವಳ ಮೆತ್ತಗಿರುತ್ತದೆ, ಆಗಲೇ ಕೆತ್ತಬೇಕು. ಒಣಗಿದರೆ ಗಟ್ಟಿ. ಗಾರೆಯ ಸುಣ್ಣವೂ ಹವಳ ಸುಟ್ಟು ಮಾಡಿದ್ದೇ. ಚಾವಣಿಯ ತೊಲೆಗೆ ನಮ್ಮ ಕರಾವಳಿಯವರು ಕಾಂಡ್ಲಾ ಎನ್ನುವ ಮರ. ಅದರ ಕಂಬ ಹೆಚ್ಚು ಉದ್ದ ಸಿಗುವುದಿಲ್ಲ. ಹಾಗಾಗಿ ಈ ಕರಾವಳಿಯ ಕೋಣೆಗಳೆಲ್ಲ ಕಿರಿದು, ಮಸೀದಿಯೊಳಗೆ ಕಂಬಗಳು ಜಾಸ್ತಿ. ನಡುವೆ ತೆರೆದ ಅಂಗಳವೂ ಇಲ್ಲ. ಈ ಲೆಕ್ಕಾಚಾರ ಆ ಸಮುದ್ರದ ಜೊತೆ ಬದುಕಿದವರಿಗೆ ಮಾತ್ರ ಗೊತ್ತಿರಲು ಸಾಧ್ಯ.

14ನೇ ಶತಮಾನದಲ್ಲಿ ಸುಲ್ತಾನ ಅಲ್ ಹಸನ್ ಇಬ್ನ್ ಸುಲೈಮಾನ್ ಮಸೀದಿಯನ್ನು ದಕ್ಷಿಣಕ್ಕೆ ಬೆಳೆಸಿದ. ಈಗಿನ ಮೊಜಾಂಬಿಕ್‌ನ ಸೊಫಾಲಾ ಬಂದರಿನ ಚಿನ್ನದ ವ್ಯಾಪಾರ ಆಗ ಕಿಲ್ವಾದ ಕೈಯಲ್ಲಿತ್ತು. ಮುಂದೆ ಎಂಟು ಮೂಲೆಯ ಕಂಬಗಳ ಮೇಲೆ ಸಾಲು ಗುಮ್ಮಟ, ಕಮಾನು ಚಾವಣಿ ಬಂದವು. ಕೆಲವದರಲ್ಲಿ ಚೀನಾದ ಪಿಂಗಾಣಿಯನ್ನು ಗಾರೆಯಲ್ಲೇ ಕೂರಿಸಿದ್ದರು. ನನಗೆ ತುಂಬ ಇಷ್ಟವಾದ ಭಾಗ ಇದೇ.

1331ರಲ್ಲಿ ಪ್ರವಾಸಿ ಇಬ್ನ್ ಬತೂತ ಇಲ್ಲಿಗೆ ಬಂದು ಊರಿನ ಚೆಲುವನ್ನು ಹೊಗಳಿದ. ಸುಮಾರು ಹತ್ತು ವರ್ಷದ ನಂತರ ಆತ ನಮ್ಮ ಹೊನ್ನಾವರಕ್ಕೂ ಬಂದಿದ್ದ. ಈ ಎರಡು ಊರುಗಳಿಗೆ ಇನ್ನೊಂದು ನಂಟೂ ಇದೆ, ಅದು ನೋವಿನದು. ಪೋರ್ಚುಗೀಸ್ ದಂಡಿನ ನಾಯಕ ಫ್ರಾನ್ಸಿಸ್ಕೊ ದ ಅಲ್ಮೇಡಾ 1505ರ ಜುಲೈನಲ್ಲಿ ಕಿಲ್ವಾವನ್ನು ಲೂಟಿ ಮಾಡಿದ. ಅಲ್ಲಿಂದ ಮೊಂಬಾಸಾ, ಆಮೇಲೆ ಕಾರವಾರದ ಎದುರಿನ ಅಂಜದೀವ್. ಅಕ್ಟೋಬರ್‌ನಲ್ಲಿ ಹೊನ್ನಾವರದ ಮೇಲೆ ಬಿದ್ದ.

ವ್ಯಾಪಾರ ಕೈತಪ್ಪಿದ ಮೇಲೆ ಕಿಲ್ವಾ ಸೊರಗಿತು. ಮಸೀದಿಯ ಹಳೆಯ ಭಾಗಕ್ಕೆ ಈಗ ಚಾವಣಿಯೇ ಇಲ್ಲ.

"ಹೊರಗಿನವರು ಕಟ್ಟಿದ್ದು" ಎಂಬ ಮಾತನ್ನು ವಸಾಹತು ಕಾಲದಲ್ಲಿ ಆಫ್ರಿಕದ ಇನ್ನೊಂದು ಹಳೆಯ ಕಲ್ಲಿನ ನಗರವಾದ ಗ್ರೇಟ್ ಜಿಂಬಾಬ್ವೆಯ ಬಗ್ಗೆಯೂ ಹೇಳುತ್ತಿದ್ದರು. ಅಲ್ಲೂ ಅದು ಸುಳ್ಳು. ಆಫ್ರಿಕದವರ ಕೈಯಿಂದ ಇಂಥದ್ದು ಆಗದು ಎಂಬ ತಾತ್ಸಾರ ಅದರ ಹಿಂದೆ ಇತ್ತು. ಅದಕ್ಕೇ ಈ ಪ್ರಶ್ನೆಗೆ ಪ್ರತಿಸಲ ಇಷ್ಟು ಉದ್ದ ಉತ್ತರ ಕೊಡುತ್ತೇನೆ.

ಯುನೆಸ್ಕೊ ಈ ಅವಶೇಷಗಳನ್ನು 1981ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ, 2004ರಲ್ಲಿ ಅಪಾಯದಲ್ಲಿರುವ ತಾಣಗಳ ಪಟ್ಟಿಗೆ ಸೇರಿಸಿತು. ದುರಸ್ತಿಯಾದ ಮೇಲೆ, 2014ರಲ್ಲಿ, ಅಪಾಯದ ಪಟ್ಟಿಯಿಂದ ಹೊರಬಂತು.