ವಿದೇಶದ ಪಾರ್ಸೆಲ್: ಕಸ್ಟಮ್ಸ್ ಎಷ್ಟು, ಕೊರಿಯರ್ ಎಷ್ಟು?

ಹೊರದೇಶದ ವೆಬ್‌ಸೈಟಿನಿಂದ ತರಿಸಿದ ವಸ್ತು ಮಂಗಳೂರಿಗೋ ಉಡುಪಿಗೋ ತಲುಪುವ ಮುಂಚೆ ಕೊರಿಯರ್‌ನವರ ಮೆಸೇಜ್ ಬರುತ್ತದೆ: ಸುಂಕ ಮತ್ತು ತೆರಿಗೆ 4,085 ರೂಪಾಯಿ, ಕೂಡಲೇ ಪಾವತಿಸಿ. ಹೆಚ್ಚಿನವರು ಕಸ್ಟಮ್ಸ್‌ನವರಿಗೆ ಬೈದುಕೊಂಡು ಕಟ್ಟಿಬಿಡುತ್ತಾರೆ. ಆದರೆ ಆ ಮೊತ್ತ ಒಂದೇ ಕಡೆ ಹೋಗುವುದಿಲ್ಲ. ಒಂದು ಪಾಲು ಸರಕಾರಕ್ಕೆ, ಇನ್ನೊಂದು ಪಾಲು ಕೊರಿಯರ್ ಕಂಪನಿಗೆ. ಎರಡಕ್ಕೂ ಬೇರೆ ಬೇರೆ ಕಾಗದ ಇರುತ್ತದೆ, ತಪ್ಪಾದರೆ ಕೇಳಬೇಕಾದ ಜಾಗವೂ ಬೇರೆ. ಸರಕಾರದ ಪಾಲಿನ ಲೆಕ್ಕ ಇರುವ ಕಾಗದ ಬಿಲ್ ಆಫ್ ಎಂಟ್ರಿ. ಅದು ನಿಮ್ಮ ಹೆಸರಿನಲ್ಲೇ ಸಲ್ಲಿಕೆಯಾಗಿರುತ್ತದೆ. ಹಣ ಕಟ್ಟುವ ಮುಂಚೆ ಅದರ ಪ್ರತಿಯನ್ನು ಇಮೇಲ್‌ನಲ್ಲಿ ಕೇಳಿ ತರಿಸಿಕೊಳ್ಳಿ.

ಕೇಳಬೇಕಾದದ್ದು ಯಾರಲ್ಲಿ ಎಂಬುದೂ ಗೊತ್ತಿರಬೇಕು. ಎಕ್ಸ್‌ಪ್ರೆಸ್ ಕೊರಿಯರ್‌ನ ಪಾರ್ಸೆಲ್ ಸಾಮಾನ್ಯವಾಗಿ ಬೆಂಗಳೂರು, ಮುಂಬೈ ಅಥವಾ ದೆಹಲಿಯ ಕೊರಿಯರ್ ಟರ್ಮಿನಲ್‌ನಲ್ಲಿ ಕ್ಲಿಯರ್ ಆಗಿಯೇ ಕರಾವಳಿಗೆ ಬರುತ್ತದೆ. ಬಜ್ಪೆ ವಿಮಾನ ನಿಲ್ದಾಣದಲ್ಲೋ ಪಣಂಬೂರಿನ ಕಸ್ಟಮ್ಸ್ ಕಚೇರಿಯಲ್ಲೋ ವಿಚಾರಿಸಿದರೆ ಅಲ್ಲಿನವರು ಏನೂ ಮಾಡುವ ಹಾಗಿಲ್ಲ. ಊರಿನ ಡೆಲಿವರಿ ಆಫೀಸಿನ ಹುಡುಗರ ಹತ್ತಿರ ಜಗಳ ಮಾಡಿಯೂ ಫಲವಿಲ್ಲ, ಅವರ ಕೈಗೆ ಬರುವಾಗ ಸುಂಕ ನಿಗದಿಯಾಗಿ ಮುಗಿದಿರುತ್ತದೆ. ಏರ್‌ವೇ ಬಿಲ್ ಸಂಖ್ಯೆ (ಪಾರ್ಸೆಲ್‌ನ ಟ್ರ್ಯಾಕಿಂಗ್ ಸಂಖ್ಯೆ) ಹಾಕಿ ಕಂಪನಿಯ ಕ್ಲಿಯರೆನ್ಸ್ ವಿಭಾಗಕ್ಕೇ ಬರೆಯಬೇಕು, ಅದೂ ಟ್ರ್ಯಾಕಿಂಗ್‌ನಲ್ಲಿ ಕ್ಲಿಯರೆನ್ಸ್ ಡಿಲೇ ಎಂದು ಕಾಣಿಸಿದ ದಿನವೇ. ಉಚಿತ ದಿನಗಳು ಮುಗಿದ ಮೇಲೆ ಗೋದಾಮಿನ ಬಾಡಿಗೆ ಏರತೊಡಗುತ್ತದೆ.

ಬಿಲ್ ಆಫ್ ಎಂಟ್ರಿ ಕೈಗೆ ಬಂದಾಗ ಮೊದಲು ನೋಡಬೇಕಾದದ್ದು ಟಾರಿಫ್ ಸಂಖ್ಯೆ, ಅಂದರೆ ವಸ್ತು ಯಾವ ವರ್ಗದ್ದು ಎಂದು ಹೇಳುವ ಸಂಖ್ಯೆ. ಉಳಿದೆಲ್ಲ ಲೆಕ್ಕ ಅದರ ಮೇಲೆ ನಿಂತಿದೆ. ಪ್ರತಿ ವಸ್ತುವಿಗೂ ಅದರದೇ ಸಂಖ್ಯೆ, ಅದರದೇ ದರ. ಮುದ್ರಿತ ಪುಸ್ತಕಕ್ಕೆ ಮೂಲ ಸುಂಕ ಶೇ 5, ಐಜಿಎಸ್‌ಟಿ (ಆಮದಿನ ಮೇಲಿನ ಜಿಎಸ್‌ಟಿ) ಇಲ್ಲ. ಕಂಪ್ಯೂಟರ್ ಕೀಬೋರ್ಡ್, ಮೌಸ್ 8471ರಲ್ಲಿ ಬರುತ್ತವೆ, ಮೂಲ ಸುಂಕ ಸೊನ್ನೆ, ಐಜಿಎಸ್‌ಟಿ ಶೇ 18. ಇವೆಲ್ಲದರ ಆಚೆಗೆ 9804 ಎಂಬ ಸಂಖ್ಯೆ ಒಂದಿದೆ: ವೈಯಕ್ತಿಕ ಬಳಕೆಗೆ ಅಂಚೆಯಲ್ಲಿ ಅಥವಾ ವಿಮಾನದಲ್ಲಿ ಬರುವ ಹೆಚ್ಚಿನ ಸುಂಕಾರ್ಹ ವಸ್ತುಗಳಿಗೆ ಒಂದೇ ದರ. ಮೊದಲು ಇದರಲ್ಲಿ ಮೂಲ ಸುಂಕ ಶೇ 35, ಐಜಿಎಸ್‌ಟಿ ಶೇ 28 ಇತ್ತು, ಸರ್ಚಾರ್ಜ್ ಸೇರಿ ಒಟ್ಟು ಶೇ 77.28 ಆಗುತ್ತಿತ್ತು. ಹಳೆಯ ವಿಡಿಯೊಗಳಲ್ಲಿ ಕಸ್ಟಮ್ಸ್ ಎಂದರೆ ಶೇ 77 ಎಂದು ಹೇಳುವುದು ಇದನ್ನೇ, ಈಗ ಆ ಲೆಕ್ಕ ನಡೆಯುವುದಿಲ್ಲ. 2025ರ ಸೆಪ್ಟೆಂಬರ್ 22ರ ಜಿಎಸ್‌ಟಿ ಬದಲಾವಣೆಯಲ್ಲಿ ಶೇ 28 ಇದ್ದದ್ದು 18 ಆಯಿತು. ಅಷ್ಟರೊಳಗೆ ಶೇ 35ರಿಂದ 20ಕ್ಕೆ ಇಳಿದಿದ್ದ ಮೂಲ ಸುಂಕವನ್ನು 2026ರ ಕೇಂದ್ರ ಬಜೆಟ್‌ನಲ್ಲಿ 10ಕ್ಕೆ ಇಳಿಸಲಾಯಿತು. ಇಷ್ಟಾದರೂ ಸೊನ್ನೆ ಸುಂಕದ ಕೀಬೋರ್ಡನ್ನು 9804ಕ್ಕೆ ಹಾಕಿದರೆ ನಿಮಗೆ ನಷ್ಟವೇ. ಕಳಿಸಿದವರ ಇನ್‌ವಾಯ್ಸ್‌ನಲ್ಲಿ ವಸ್ತುವಿನ ಸರಿಯಾದ ಹೆಸರು, ಎಚ್‌ಎಸ್ ಕೋಡ್ (ಟಾರಿಫ್ ಸಂಖ್ಯೆಗೆ ಆಧಾರವಾದ ಅಂತರರಾಷ್ಟ್ರೀಯ ಸಂಖ್ಯೆ) ಇಲ್ಲದಿದ್ದರೆ ಹೀಗಾಗುವ ಸಂಭವ ಹೆಚ್ಚು.

ಎರಡನೆಯದು ಮೌಲ್ಯ. ಸುಂಕ ಬರೀ ವಸ್ತುವಿನ ಬೆಲೆಯ ಮೇಲಲ್ಲ, ಬೆಲೆ, ಸಾಗಣೆ, ವಿಮೆ ಮೂರೂ ಸೇರಿದ ಸಿಐಎಫ್ ಮೌಲ್ಯದ ಮೇಲೆ. ಇಲ್ಲಿ ಗ್ರಾಹಕರ ಪರವಾಗಿರುವ ಒಂದು ನಿಯಮ ಇದೆ, ತಿಳಿದವರು ತೀರಾ ಕಡಿಮೆ. 2007ರ ಕಸ್ಟಮ್ಸ್ ಮೌಲ್ಯಮಾಪನ ನಿಯಮಗಳ 10ನೇ ನಿಯಮದ ಪ್ರಕಾರ, ವಿಮಾನದಲ್ಲಿ ಬಂದ ಸರಕಿಗೆ ನೀವು ಸಾಗಣೆಗೆ ಎಷ್ಟೇ ಕೊಟ್ಟಿರಲಿ, ಸುಂಕದ ಲೆಕ್ಕಕ್ಕೆ ಅದು ವಸ್ತುವಿನ ಎಫ್‌ಒಬಿ ಬೆಲೆಯ (ಸಾಗಣೆ, ವಿಮೆ ಸೇರದ ಬೆಲೆ) ಶೇ 20 ದಾಟಬಾರದು. ವಿಮೆಯ ಮೊತ್ತ ಗೊತ್ತಿಲ್ಲದಿದ್ದರೆ ಬೆಲೆಯ ಶೇ 1.125 ಸೇರಿಸುತ್ತಾರೆ. ಸಣ್ಣ ವಸ್ತುವಿಗೆ ದುಬಾರಿ ಶಿಪ್ಪಿಂಗ್ ಕೊಟ್ಟಾಗಲೆಲ್ಲ ಈ ಮಿತಿ ಲೆಕ್ಕಕ್ಕೆ ಬರುತ್ತದೆ.

ಲೆಕ್ಕ ಹಾಕಿ ನೋಡೋಣ. ಸುರತ್ಕಲ್‌ನ ವಿದ್ಯಾರ್ಥಿಯೊಬ್ಬ 100 ಡಾಲರ್‌ನ ಕೀಬೋರ್ಡ್ ತರಿಸುತ್ತಾನೆ, ಶಿಪ್ಪಿಂಗ್ 40 ಡಾಲರ್ ಎಂದಿಟ್ಟುಕೊಳ್ಳಿ. ಸುಲಭಕ್ಕೆ ಡಾಲರ್‌ಗೆ 90 ರೂಪಾಯಿ ಹಿಡಿಯೋಣ. ಬೆಲೆ 9,000. ಶಿಪ್ಪಿಂಗ್ ನಿಜಕ್ಕೆ 3,600 ಆದರೂ ಶೇ 20ರ ಮಿತಿಯಲ್ಲಿ 1,800. ವಿಮೆ 101.25. ಸಿಐಎಫ್ ಮೌಲ್ಯ 10,901.25. 8471ರಲ್ಲಿ ಹಾಕಿದರೆ ಶೇ 18ರ ಐಜಿಎಸ್‌ಟಿ ಮಾತ್ರ, ಸುಮಾರು 1,962 ರೂಪಾಯಿ. 9804ರಲ್ಲಿ ಮೂಲ ಸುಂಕ ಶೇ 10, ಅಂದರೆ 1,090. ಆ ಸುಂಕದ ಶೇ 10 ಸಮಾಜ ಕಲ್ಯಾಣ ಸರ್ಚಾರ್ಜ್, 109. ಇವೆರಡನ್ನೂ ಮೌಲ್ಯಕ್ಕೆ ಕೂಡಿಸಿದ ಮೇಲೆ ಬರುವ 12,100ರ ಮೇಲೆ ಐಜಿಎಸ್‌ಟಿ 2,178. ಒಟ್ಟು 3,377. ಅದೇ ಪೆಟ್ಟಿಗೆ, ಅದೇ ಕೀಬೋರ್ಡ್, ಸಂಖ್ಯೆ ಬದಲಾದದ್ದಕ್ಕೆ 1,415 ರೂಪಾಯಿ ವ್ಯತ್ಯಾಸ. ಶಿಪ್ಪಿಂಗ್ ಮಿತಿಯನ್ನೂ ಮರೆತು ಪೂರ್ತಿ 3,600 ಸೇರಿಸಿದರೆ 9804ರ ಲೆಕ್ಕ 3,935ಕ್ಕೆ ಏರುತ್ತದೆ.

ಡಾಲರ್‌ನ ದರ ನಿಮ್ಮ ಬ್ಯಾಂಕ್ ಹಿಡಿದದ್ದಲ್ಲ, ಕಸ್ಟಮ್ಸ್ ಪ್ರಕಟಿಸುವ ದರ. ಕಸ್ಟಮ್ಸ್‌ನ ಐಸ್‌ಗೇಟ್ ತಾಣದಲ್ಲಿ ಅದು ಸಿಗುತ್ತದೆ. ಕರೆನ್ಸಿಯನ್ನೂ ಒಮ್ಮೆ ನೋಡಿ: ಸಿಂಗಾಪುರ ಡಾಲರ್, ಹಾಂಕಾಂಗ್ ಡಾಲರ್‌ಗಳನ್ನು ಅಮೆರಿಕನ್ ಡಾಲರ್ ಎಂದು ಓದಿಕೊಂಡರೆ ಮೌಲ್ಯ ಎಲ್ಲಿಗೋ ಹೋಗುತ್ತದೆ.

ಇನ್ನು ಕೊರಿಯರ್‌ನ ಪಾಲು. ಪಾರ್ಸೆಲ್ ಬೇಗ ಬಿಡಿಸಲು ಕಂಪನಿ ಮೊದಲು ತನ್ನ ಹಣದಿಂದ ಸುಂಕ ಕಟ್ಟುತ್ತದೆ. ಅದಕ್ಕೆ ಅಡ್ವಾನ್ಸ್‌ಮೆಂಟ್ ಅಥವಾ ಡಿಸ್ಬರ್ಸ್‌ಮೆಂಟ್ ಶುಲ್ಕ ಹಾಕುತ್ತದೆ: ಸುಂಕದ ಇಂತಿಷ್ಟು ಶೇಕಡಾ ಅಥವಾ ಒಂದು ಕನಿಷ್ಠ ಮೊತ್ತ, ಯಾವುದು ಹೆಚ್ಚೋ ಅದು. ಸಣ್ಣ ಪಾರ್ಸೆಲ್‌ಗೆ ಕನಿಷ್ಠ ಮೊತ್ತವೇ ಬೀಳುವುದರಿಂದ 300 ರೂಪಾಯಿ ಸುಂಕಕ್ಕೆ ಅದಕ್ಕಿಂತ ಹೆಚ್ಚು ಶುಲ್ಕ ಬರುವುದೂ ಉಂಟು. ಇದರ ಮೇಲೆ ಶೇ 18 ಜಿಎಸ್‌ಟಿ ಪ್ರತ್ಯೇಕ. ಮೇಲಿನ 4,085ರಲ್ಲಿ 3,377 ಸುಂಕವಾದರೆ ಉಳಿದ 708 ಎಂದರೆ 600 ಶುಲ್ಕ, 108 ಜಿಎಸ್‌ಟಿ. ಕಂಪನಿಯ ದರಪಟ್ಟಿ ಅವರ ವೆಬ್‌ಸೈಟಿನಲ್ಲೇ ಇರುತ್ತದೆ, ಇನ್‌ವಾಯ್ಸ್‌ನ ಪಕ್ಕ ಇಟ್ಟು ನೋಡಿ. ಸುಂಕವನ್ನು ಮುಂಚಿತವಾಗಿ ಆನ್‌ಲೈನ್‌ನಲ್ಲಿ ಕಟ್ಟುವ ಅವಕಾಶ ಕೊಡುವ ಕಂಪನಿಯಾದರೆ, ಹಾಗೆ ಕಟ್ಟಿದವರಿಗೆ ಅಡ್ವಾನ್ಸ್ ಶುಲ್ಕ ಬೀಳುತ್ತದೆಯೇ ಎಂದು ಕೇಳಿ.

ಖರೀದಿಸುವಾಗಲೇ ಡಿಡಿಪಿ ಎಂದಿದ್ದರೆ ಸುಂಕ ಮಾರಿದವರ ಹೊಣೆ, ಬಾಗಿಲಲ್ಲಿ ಏನೂ ಕೊಡಬೇಕಿಲ್ಲ. ಡಿಎಪಿ ಅಥವಾ ಡಿಡಿಯು ಎಂದಿದ್ದರೆ ಎಲ್ಲವೂ ನಿಮ್ಮ ತಲೆಗೆ. ಶಿಪ್ಪಿಂಗ್ ಫ್ರೀ ಎಂಬ ಮಾತಿಗೂ ಸುಂಕಕ್ಕೂ ಸಂಬಂಧವಿಲ್ಲ. ಕೆಲವು ದೊಡ್ಡ ತಾಣಗಳು ಆಮದು ಶುಲ್ಕದ ಠೇವಣಿ ಎಂದು ಅಂದಾಜು ಮೊತ್ತ ಮೊದಲೇ ಹಿಡಿದು, ನಿಜವಾದ ಸುಂಕ ಕಡಿಮೆಯಾದರೆ ವ್ಯತ್ಯಾಸ ಹಿಂದಿರುಗಿಸುತ್ತವೆ. ಮೊದಲ ಸಲ ತರಿಸುವವರಿಗೆ ಅದೇ ನೆಮ್ಮದಿ.

ಕರಾವಳಿಯಲ್ಲಿ ಮನೆಗೊಬ್ಬರಂತೆ ಗಲ್ಫ್‌ನಲ್ಲಿದ್ದಾರೆ, ಆದ್ದರಿಂದ ಗಿಫ್ಟ್ ವಿಷಯ ಬಿಡಿಸಿ ಹೇಳಬೇಕು. ಐದು ಸಾವಿರದವರೆಗೆ ಗಿಫ್ಟ್‌ಗೆ ಸುಂಕವಿಲ್ಲ ಎಂಬ ಮಾತು ಇಂದಿಗೂ ಹರಿದಾಡುತ್ತಿದೆ. 2019ರ ಡಿಸೆಂಬರ್ 12ರ ಡಿಜಿಎಫ್‌ಟಿ (ವಿದೇಶಿ ವ್ಯಾಪಾರ ಮಹಾನಿರ್ದೇಶನಾಲಯ) ಅಧಿಸೂಚನೆಯ ನಂತರ ಅಂಚೆ, ಕೊರಿಯರ್‌ಗಳಲ್ಲಿ ಗಿಫ್ಟ್ ಎಂದು ಕ್ಲಿಯರ್ ಮಾಡಿಸುವುದು ನಿಷಿದ್ಧ. ಜೀವರಕ್ಷಕ ಔಷಧಿ ಮತ್ತು ರಾಖಿಗೆ ಮಾತ್ರ ವಿನಾಯಿತಿ, ರಾಖಿಯ ಜೊತೆಗೆ ಇಟ್ಟ ಉಡುಗೊರೆಗೆ ಅದೂ ಇಲ್ಲ. ಆದರೆ ಪೂರ್ತಿ ಸುಂಕ ಕಟ್ಟಿ ಉಡುಗೊರೆ ತರಿಸಿಕೊಳ್ಳಬಹುದು. ಹಾಗಾಗಿ ದುಬೈಯಿಂದ ಕೊರಿಯರ್ ಮಾಡುವ ಅಣ್ಣನಿಗೋ ಭಾವನಿಗೋ ಹೇಳಿ: ಗಿಫ್ಟ್, ಮೌಲ್ಯ 10 ದಿರ್ಹಂ ಎಂದು ಬರೆಯುವುದು ಬೇಡ, ನಿಜವಾದ ಬೆಲೆ ಬರೆದು ಅಂಗಡಿಯ ಬಿಲ್ ಒಳಗಿಡಿ. ಬೆಲೆ ಸುಳ್ಳೆಂದು ಕಂಡುಬಂದರೆ ಅಧಿಕಾರಿ ತಾನೇ ಮೌಲ್ಯ ನಿಗದಿ ಮಾಡಬಹುದು, ಕಸ್ಟಮ್ಸ್ ಕಾಯ್ದೆಯ 111 ಮತ್ತು 112ನೇ ಕಲಮಿನಡಿ ವಸ್ತು ಮುಟ್ಟುಗೋಲಾಗಿ ದಂಡವೂ ಬೀಳಬಹುದು. ಉಳಿಸಲು ಹೊರಟದ್ದಕ್ಕಿಂತ ಕಳೆದುಕೊಳ್ಳುವುದೇ ಹೆಚ್ಚು.

ನಿಜವಾಗಿಯೂ ರಿಯಾಯಿತಿಯಲ್ಲಿ ಕೊಂಡಿದ್ದರೆ ಹೆದರಬೇಕಿಲ್ಲ. ಆರ್ಡರ್ ದೃಢೀಕರಣ, ಕಾರ್ಡ್ ಸ್ಟೇಟ್‌ಮೆಂಟ್‌ನ ಆ ಸಾಲು, ರಿಯಾಯಿತಿ ದರ ಕಾಣುವ ಪುಟದ ಸ್ಕ್ರೀನ್‌ಶಾಟ್ ಮೂರನ್ನೂ ಒಂದೇ ಪಿಡಿಎಫ್ ಮಾಡಿ ಕೊಡಿ. ವಾರಂಟಿಯಲ್ಲಿ ಬದಲಿ ವಸ್ತು ಉಚಿತವಾಗಿ ಬಂದರೂ ಸುಂಕದ ಲೆಕ್ಕದಲ್ಲಿ ಅದರ ಬೆಲೆ ಸೊನ್ನೆಯಾಗುವುದಿಲ್ಲ. ರಿಪೇರಿಗೆ ಹೊರಗೆ ಕಳಿಸುವವರು ಕಳಿಸುವಾಗಲೇ ಸೀರಿಯಲ್ ನಂಬರ್ ಸಹಿತ ರಫ್ತು ದಾಖಲೆ ಮಾಡಿಸಿಕೊಳ್ಳಬೇಕು, ಆಗ ಮರಳಿ ಬರುವಾಗ ರಿಪೇರಿ ಖರ್ಚು, ಸಾಗಣೆ, ವಿಮೆಯ ಮೇಲೆ ಮಾತ್ರ ಸುಂಕ. ದಾಖಲೆ ಇಲ್ಲದಿದ್ದರೆ ನಿಮ್ಮದೇ ಕ್ಯಾಮೆರಾಕ್ಕೆ ಪೂರ್ತಿ ಸುಂಕ ಕಟ್ಟಬೇಕಾಗಬಹುದು.

ನಮ್ಮ ಕಡೆಯ ಪಾರ್ಸೆಲ್‌ಗಳು ಸಿಕ್ಕಿಬೀಳುವ ಇನ್ನೊಂದು ಜಾಗ ಕೆವೈಸಿ. ಆಧಾರ್‌ನಲ್ಲಿ ಇನಿಷಿಯಲ್, ಪಾಸ್‌ಪೋರ್ಟ್‌ನಲ್ಲಿ ಶೆಟ್ಟಿ, ಡಿಸೋಜ ಎಂಬ ಅಡ್ಡಹೆಸರು, ಆರ್ಡರ್‌ನಲ್ಲಿ ಬರೀ ಕರೆಯುವ ಹೆಸರು. ಮೂರೂ ಹೊಂದದಿದ್ದರೆ ಫೈಲ್ ಅಲ್ಲೇ ನಿಲ್ಲುತ್ತದೆ. ಆರ್ಡರ್ ಮಾಡುವಾಗ ಗುರುತಿನ ಚೀಟಿಯಲ್ಲಿದ್ದಂತೆಯೇ ಹೆಸರು ಬರೆಯಿರಿ. ಮಣಿಪಾಲದ ಹಾಸ್ಟೆಲ್‌ನಲ್ಲಿರುವವರ ಆಧಾರ್ ವಿಳಾಸ ಬೇರೆ ಇರುವುದರಿಂದ ಈಗಿನ ವಿಳಾಸಕ್ಕೆ ಇನ್ನೊಂದು ಪುರಾವೆ ಸಿದ್ಧ ಇಟ್ಟುಕೊಳ್ಳುವುದು ಒಳ್ಳೆಯದು. ಸ್ವಂತ ಬಳಕೆಗೆ ತರಿಸುವವರಿಗೆ ಐಇಸಿ (ಆಮದು-ರಫ್ತು ಮಾಡುವವರ ನೋಂದಣಿ ಸಂಖ್ಯೆ) ಬೇಡ. ಮಲ್ಪೆಯ ಬೋಟ್‌ಗಳಿಗೆ ಬಿಡಿಭಾಗ ತರಿಸಿ ಮಾರುವ ಅಂಗಡಿಯವರಿಗೆ ಐಇಸಿ ಬೇಕು, ಜಿಎಸ್‌ಟಿ ನೋಂದಣಿ ಸಂಖ್ಯೆ (ಜಿಎಸ್‌ಟಿಐಎನ್) ಕೂಡ ಬಿಲ್ ಆಫ್ ಎಂಟ್ರಿಯಲ್ಲಿ ಬರುವಂತೆ ಮೊದಲೇ ಹೇಳಬೇಕು, ಇಲ್ಲದಿದ್ದರೆ ಕಟ್ಟಿದ ಐಜಿಎಸ್‌ಟಿಗೆ ಕ್ರೆಡಿಟ್ ಪಡೆಯುವುದು ಕಷ್ಟ.

ಕೆಲವು ವಸ್ತುಗಳಿಗೆ ಸುಂಕ ಕಟ್ಟಿದರೂ ದಾರಿಯಿಲ್ಲ. ಜೋಡಿಸಿದ ಡ್ರೋನ್‌ನ ಆಮದು 2022ರ ಫೆಬ್ರವರಿಯಿಂದ ನಿಷಿದ್ಧ, ಮದುವೆ ವಿಡಿಯೊ ಮಾಡುವವರು ಗಮನಿಸಬೇಕು. ಇ-ಸಿಗರೇಟ್ 2019ರಿಂದ ನಿಷೇಧದಲ್ಲಿದೆ. ಗಿಡ, ಬೀಜಗಳಿಗೆ 2003ರ ಸಸ್ಯ ಕ್ವಾರಂಟೈನ್ ಆದೇಶದಂತೆ ಆಮದು ಪರವಾನಗಿ ಮತ್ತು ಸಸ್ಯ ಆರೋಗ್ಯ ಪ್ರಮಾಣಪತ್ರ ಬೇಕು. ಹೂವಿನ ಬೀಜದ ಪುಟ್ಟ ಪ್ಯಾಕೆಟ್ ಎಂದು ಅಗ್ಗಕ್ಕೆ ತರಿಸಿದ್ದು ತಡೆಯಲ್ಪಡುವುದು ಇದಕ್ಕೇ. ಲ್ಯಾಪ್‌ಟಾಪ್ ಆದರೆ ತೆರಿಗೆ ಕಟ್ಟಿ ಒಂದೇ ಒಂದನ್ನು ಪರವಾನಗಿಯಿಲ್ಲದೆ ತರಿಸಬಹುದು.

ಮೆಸೇಜ್‌ನ ಲಿಂಕ್ ಒತ್ತಿ ಹಣ ಕಟ್ಟಬೇಡಿ. ಕಂಪನಿಯ ತಾಣವನ್ನು ನೀವೇ ತೆರೆದು ಏರ್‌ವೇ ಬಿಲ್ ಸಂಖ್ಯೆ ಹಾಕಿ ನೋಡಿ. ಕಸ್ಟಮ್ಸ್ ಅಧಿಕಾರಿ ಯಾರೊಬ್ಬರ ಖಾಸಗಿ ಖಾತೆಗೋ ಯುಪಿಐಗೋ ಸುಂಕ ಹಾಕಲು ಹೇಳುವುದಿಲ್ಲ. ಇಲಾಖೆಯ ಪತ್ರದಲ್ಲಿ ಡಿನ್ ಎಂಬ ದಾಖಲೆ ಗುರುತಿನ ಸಂಖ್ಯೆ ಇರುತ್ತದೆ, ಕೇಂದ್ರ ಪರೋಕ್ಷ ತೆರಿಗೆ ಮತ್ತು ಕಸ್ಟಮ್ಸ್ ಮಂಡಳಿಯ (ಸಿಬಿಐಸಿ) ತಾಣದಲ್ಲಿ ಪರೀಕ್ಷಿಸಬಹುದು. ಹಣ ಹೋಗಿಬಿಟ್ಟಿದ್ದರೆ ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ.

ಲೆಕ್ಕ ತಪ್ಪೆಂದು ಕಂಡರೆ, ಪಾರ್ಸೆಲ್ ಇನ್ನೂ ಕ್ಲಿಯರ್ ಆಗದಿದ್ದರೆ ಸರಿಯಾದ ಎಚ್‌ಎಸ್ ಕೋಡ್, ಇನ್‌ವಾಯ್ಸ್ ಸಹಿತ ತಿದ್ದುಪಡಿ ಕೇಳುವುದು ಸುಲಭ. ಕ್ಲಿಯರ್ ಆದ ಮೇಲಾದರೆ ಮೊದಲು ಅಸೆಸ್‌ಮೆಂಟ್ (ಸುಂಕ ನಿಗದಿ) ತಿದ್ದಿಸಿಕೊಳ್ಳಬೇಕು, ಆಮೇಲೆ ಕಸ್ಟಮ್ಸ್ ಕಾಯ್ದೆಯ 27ನೇ ಕಲಮಿನಡಿ ಒಂದು ವರ್ಷದೊಳಗೆ ರಿಫಂಡ್ ಅರ್ಜಿ. ಬರೀ ರಿಫಂಡ್ ಅರ್ಜಿ ಹಾಕಿದರೆ ನಿಲ್ಲುವುದಿಲ್ಲ ಎಂದು ಸುಪ್ರೀಂ ಕೋರ್ಟ್ 2019ರಲ್ಲಿ ಹೇಳಿದೆ. ವಸ್ತುವೇ ಬೇಡವಾದರೆ ಕ್ಲಿಯರೆನ್ಸ್ ಆದೇಶ ಆಗುವ ಮುಂಚೆ 23ನೇ ಕಲಮಿನಂತೆ ಹಕ್ಕು ಬಿಟ್ಟುಕೊಟ್ಟು ಸುಂಕದಿಂದ ಪಾರಾಗಬಹುದು. ಬಂದ ವಸ್ತು ಕೆಟ್ಟಿದ್ದರೆ ಅಥವಾ ಆರ್ಡರ್ ಮಾಡಿದ್ದಲ್ಲದಿದ್ದರೆ 26ಎ ಕಲಮಿನಲ್ಲಿ ಸುಂಕ ಮರಳಿ ಸಿಗುತ್ತದೆ: ಬಳಸಿರಬಾರದು, ಕ್ಲಿಯರ್ ಆದ 30 ದಿನದೊಳಗೆ ಕಸ್ಟಮ್ಸ್ ಮೂಲಕವೇ ವಾಪಸ್ ಕಳಿಸಬೇಕು, ಅರ್ಜಿ ಆರು ತಿಂಗಳೊಳಗೆ. ಮಾರಿದವರು ರಿಟರ್ನ್ ಲೇಬಲ್ ಕಳಿಸಿದರೆಂದು ಸಾದಾ ಕೊರಿಯರ್‌ನಲ್ಲಿ ಹಿಂದೆ ಕಳಿಸಿಬಿಟ್ಟರೆ ಅದೇ ವಸ್ತು ದೇಶ ಬಿಟ್ಟುಹೋಯಿತು ಎಂಬುದಕ್ಕೆ ದಾಖಲೆ ಇರುವುದಿಲ್ಲ, ಬೆಲೆ ಮರಳಿ ಬಂದರೂ ಸುಂಕ ಬರುವುದಿಲ್ಲ. ಲೇಬಲ್ ಅಂಟಿಸುವ ಮುಂಚೆ ಮೂಲ ಬಿಲ್ ಆಫ್ ಎಂಟ್ರಿಯ ಸಂಖ್ಯೆ ನಮೂದಿಸಿ ಮರುರಫ್ತಿನ ದಾಖಲೆಯಾದ ಶಿಪ್ಪಿಂಗ್ ಬಿಲ್ ಮಾಡಿಕೊಡಲು ಕೊರಿಯರ್‌ನವರಿಗೆ ಬರೆದು ಕೇಳಿ.