ಹೈದರಾಬಾದಿನ ಕೆಳಗೆ ಮೋಹೋ ಕಾಣಿಸಿತು: ಪ್ರಾಜೆಕ್ಟ್ ಎಲ್ಲಿಗೆ ಬಂತು

ಭೂಕಂಪದ ದಾಖಲೆಗಳಿಂದ ನೆಲದಾಳ ನೋಡುವ ನನ್ನ ಪ್ರಾಜೆಕ್ಟಿನಲ್ಲಿ ಕೊನೆಗೂ ಮೋಹೋ ಕಾಣಿಸಿದೆ. ಹೈದರಾಬಾದಿನ ನೆಲದಡಿ, ಸುಮಾರು 33 ಕಿಲೋಮೀಟರ್ ಆಳದಲ್ಲಿ. ಬೆಂಗಳೂರಿನ ಮನೆಯಲ್ಲಿ ಕೂತು, ಹಳೇ ಲ್ಯಾಪ್‌ಟಾಪಿನಲ್ಲಿ, ಒಂದೂ ಉಪಕರಣ ಕೊಳ್ಳದೆ ಇಷ್ಟು ಆಗಿದೆ.

ಮೋಹೋ ಅಂದರೆ ಭೂಮಿಯ ಹೊರಪದರವಾದ ಭೂಕವಚ ಮುಗಿದು, ಅದರ ಕೆಳಗಿನ ದಪ್ಪ ಪದರ ಮ್ಯಾಂಟಲ್ ಶುರುವಾಗುವ ಗಡಿ. 1909ರಲ್ಲಿ ಕ್ರೊಯೇಷಿಯಾದ ಕುಪಾ ಕಣಿವೆಯಲ್ಲಿ ಒಂದು ಭೂಕಂಪವಾಯಿತು. ಅದರ ದಾಖಲೆಗಳನ್ನು ನೋಡುತ್ತಾ ಆಂದ್ರಿಯಾ ಮೊಹೊರೊವಿಚಿಚ್ ಈ ಗಡಿಯನ್ನು ಪತ್ತೆ ಮಾಡಿದರು. ಅವರು ಹತ್ತಿರದ ಭೂಕಂಪದಿಂದ ನೋಡಿದರು. ನಾನು ನೋಡುತ್ತಿರುವುದು ದೂರದ ಭೂಕಂಪಗಳಿಂದ. ವಿಧಾನದ ಹೆಸರು ರಿಸೀವರ್ ಫಂಕ್ಷನ್.

ಕೆಲಸ ಹೀಗೆ. ಜಪಾನ್ ಹತ್ತಿರ ಭೂಮಿ ನಡುಗಿದರೆ ಅದರ ಪಿ ಅಲೆ, ಅಂದರೆ ಎಲ್ಲಕ್ಕಿಂತ ವೇಗದ ಅಲೆ, ಒಂಬತ್ತು ಹತ್ತು ನಿಮಿಷದಲ್ಲಿ ಹೈದರಾಬಾದಿನ ಅಡಿಗೆ ಬಂದು ತಲುಪುತ್ತದೆ. ಮೋಹೋ ದಾಟುವಾಗ ಅದರ ಒಂದು ಸಣ್ಣ ಪಾಲು ಎಸ್ ಅಲೆಯಾಗಿ ಬದಲಾಗುತ್ತದೆ. ಎಸ್ ಅಲೆ ನಿಧಾನ. ಹಾಗಾಗಿ ಪಿ ಮೊದಲು ಬರುತ್ತದೆ, ಅದರ ಹಿಂದೆ ಈ ಬದಲಾದ ಅಲೆ ಬರುತ್ತದೆ. ನಡುವಿನ ಅಂತರ ಅಳೆದರೆ ಗಡಿ ಎಷ್ಟು ಆಳದಲ್ಲಿದೆ ಅಂತ ಲೆಕ್ಕ ಹಾಕಬಹುದು. ನನ್ನ ಪ್ಲಾಟ್‌ನಲ್ಲಿ ಆ ಅಂತರ ಸುಮಾರು 4 ಸೆಕೆಂಡು.

ಡೇಟಾ ಹೈದರಾಬಾದಿನ ಎಚ್‌ವೈಬಿ ಎಂಬ ಭೂಕಂಪ ಮಾಪನ ಸ್ಟೇಷನ್ನಿನದು. ಇರುವುದು ಅಲ್ಲಿನ ರಾಷ್ಟ್ರೀಯ ಭೂಭೌತ ಸಂಶೋಧನಾ ಸಂಸ್ಥೆ ಎನ್‌ಜಿಆರ್‌ಐನಲ್ಲಿ, ಆದರೆ 1982ರಲ್ಲಿ ಶುರುವಾದ ಫ್ರಾನ್ಸಿನ ಜಿಯೋಸ್ಕೋಪ್ ಜಾಲಕ್ಕೆ ಸೇರಿದ್ದು. ಯಾರು ಬೇಕಾದರೂ ಇಳಿಸಿಕೊಳ್ಳಬಹುದು. ಇದನ್ನೇ ಆರಿಸಿಕೊಳ್ಳಲು ಇನ್ನೊಂದು ಕಾರಣವೂ ಇದೆ. ಹೈದರಾಬಾದಿನ ಅಡಿಯ ಬಂಡೆ, ನಮ್ಮ ಕೋಲಾರದ ಬಂಡೆ, ಎರಡೂ ಪೂರ್ವ ಧಾರವಾಡ ಕ್ರೇಟಾನ್ ಎಂಬ ಬಹಳ ಹಳೆಯ, ಗಟ್ಟಿ ಭೂಖಂಡದ ತುಂಡಿಗೆ ಸೇರಿದವು.

ಕೋಡ್ ಎಲ್ಲಾ ಪೈಥಾನ್, ಭೂಕಂಪದ ಡೇಟಾಕ್ಕೆಂದೇ ಇರುವ ಅಬ್ಸ್‌ಪೈ ಲೈಬ್ರರಿಯ ಮೇಲೆ. ಸ್ಟೇಷನ್ನಿಂದ 30 ರಿಂದ 90 ಡಿಗ್ರಿ ದೂರದ (ಒಂದು ಡಿಗ್ರಿ ಅಂದರೆ ಸುಮಾರು 111 ಕಿಲೋಮೀಟರ್) ಭೂಕಂಪಗಳನ್ನು ಹುಡುಕು, ಪಿ ಬರುವ ಸಮಯದ ಸುತ್ತ ತುಂಡು ಕತ್ತರಿಸು, ಉತ್ತರ ಮತ್ತು ಪೂರ್ವದ ಚಾನೆಲ್‌ಗಳನ್ನು ಭೂಕಂಪದ ದಿಕ್ಕಿಗೆ ತಿರುಗಿಸು, ಡೀಕನ್ವಲ್ಯೂಷನ್ ಮಾಡು, ಅಂದರೆ ಭೂಕಂಪದ್ದೇ ಆಕಾರವನ್ನು ಲೆಕ್ಕದಿಂದ ತೆಗೆದುಹಾಕು. ಹೇಳಲು ಇಷ್ಟೇ. ಸಮಯ ತಿನ್ನುವುದು ಗದ್ದಲದ ತುಂಡುಗಳನ್ನು ಕಣ್ಣಲ್ಲೇ ನೋಡಿ ಬಿಸಾಡುವ ಕೆಲಸ. ದೊಡ್ಡ ಭೂಕಂಪ ಆದಷ್ಟೂ ಒಳ್ಳೇದು ಅಂತ ಅನ್ನಿಸುತ್ತೆ ಅಲ್ವಾ? ಹಾಗೇನಿಲ್ಲ. ತೀರಾ ದೊಡ್ಡದಾದರೆ ಬಿರುಕು ಸೀಳುವುದಕ್ಕೇ ಬಹಳ ಹೊತ್ತು ಹಿಡಿಯುತ್ತದೆ, ಸಿಗ್ನಲ್ ಗೋಜಲಾಗುತ್ತದೆ. ತೀವ್ರತೆ 6ರ ಆಸುಪಾಸಿನವೇ ನನಗೆ ಜಾಸ್ತಿ ಉಪಯೋಗಕ್ಕೆ ಬಂದವು.

ಬರೀ 4 ಸೆಕೆಂಡನ್ನು ನಂಬಿ ಆಳ ಹೇಳುವುದು ಕಷ್ಟ. ಪಿ ಮತ್ತು ಎಸ್ ವೇಗಗಳ ಅನುಪಾತ ಬದಲಾದರೆ ಆಳವೂ ಬದಲಾಗುತ್ತದೆ. ಅದಕ್ಕೇ ನೆಲಕ್ಕೂ ಮೋಹೋಗೂ ನಡುವೆ ಪುಟಿದು ಬರುವ ಅಲೆಗಳನ್ನೂ ಸೇರಿಸಬೇಕು. ಅವು 13 ಮತ್ತು 17 ಸೆಕೆಂಡಿನ ಹತ್ತಿರ ಕಾಣಬೇಕಿತ್ತು, ಕಂಡವು. ಮೂರನ್ನೂ ಸೇರಿಸಿ ಹುಡುಕಿದಾಗ ಅನುಪಾತ 1.75ರ ಸುತ್ತ ನಿಂತಿತು. ಗ್ರಾನೈಟ್ ಜಾತಿಯ ಬಂಡೆಗೆ ಒಪ್ಪುವ ಸಂಖ್ಯೆ. ಬಸಾಲ್ಟ್ ಜಾತಿಯ ಕಪ್ಪು ಬಂಡೆ ತುಂಬಿದ್ದರೆ 1.8ರ ಕಡೆಗೆ ಏರುತ್ತಿತ್ತು. ಇದು ಹೊಸ ಶೋಧವೇನಲ್ಲ. ಈ ಸ್ಟೇಷನ್ನಿನ ಕೆಳಗೆ ಸುಮಾರು 33 ಕಿಲೋಮೀಟರ್ ಅಂತ ಸಂಶೋಧಕರು 2000ದಲ್ಲೇ ಪ್ರಕಟಿಸಿದ್ದಾರೆ. ನನಗೆ ಬೇಕಿದ್ದದ್ದು ಕೋಡ್ ಸರಿ ಇದೆಯಾ ಅನ್ನುವ ಪರೀಕ್ಷೆ.

ಒಂದೇ ಸ್ಟೇಷನ್ ಅಂದರೆ ಒಂದೇ ತೂತಿನಿಂದ ನೋಡಿದಂತೆ. ಸಾಲಾಗಿ ನೋಡಬೇಕಾದರೆ ನೂರಾರು ಸೀಸ್ಮೋಮೀಟರ್, ಅಂದರೆ ನೆಲದ ನಡುಕ ದಾಖಲಿಸುವ ಯಂತ್ರ, ಬೇಕು, ಅಷ್ಟನ್ನು ಒಂದು ವಿಶ್ವವಿದ್ಯಾಲಯ ಕೊಳ್ಳುವುದು ಆಗದ ಮಾತು. ಅಮೆರಿಕದ ವಿಶ್ವವಿದ್ಯಾಲಯಗಳು 1984ರಲ್ಲಿ ಐರಿಸ್ ಅಂತ ಒಕ್ಕೂಟ ಕಟ್ಟಿಕೊಂಡದ್ದು ಇಂಥ ಕಷ್ಟಕ್ಕೇ. ನ್ಯೂ ಮೆಕ್ಸಿಕೋದ ಸೊಕೊರೊದಲ್ಲಿ, ಹಿಂದೆ ಪ್ಯಾಸ್ಕಲ್ ಅಂತ ಕರೆಯುತ್ತಿದ್ದ, ಅದರ ಉಪಕರಣ ಕೇಂದ್ರವಿದೆ. ಪ್ರಯೋಗಕ್ಕೆ ಹಣ ಮಂಜೂರಾದವರು ಅಲ್ಲಿಂದ ಉಪಕರಣ ಎರವಲು ಪಡೆಯುತ್ತಾರೆ, ಕೆಲಸ ಮುಗಿದ ಮೇಲೆ ವಾಪಸ್ ಕಳಿಸುತ್ತಾರೆ. ದೇವಸ್ಥಾನದ ದೊಡ್ಡ ಹಂಡೆಗಳನ್ನು ಮದುವೆ ಮನೆಗೆ ಒಯ್ದು, ತೊಳೆದು ತಂದಿಡುವ ಹಾಗೆ. ಜೊತೆಗೆ ಒಂದು ಷರತ್ತು: ಡೇಟಾವನ್ನು ಭಂಡಾರಕ್ಕೆ ಒಪ್ಪಿಸಬೇಕು. ಪ್ರಯೋಗ ಮುಗಿದ ಮೇಲೆ ಸಾಮಾನ್ಯವಾಗಿ ಎರಡು ವರ್ಷ ಅದು ಅವರಿಗೇ ಮೀಸಲು, ಆಮೇಲೆ ಎಲ್ಲರಿಗೂ. ನನ್ನ ಮಟ್ಟಿಗೆ ಉಪಕರಣಕ್ಕಿಂತ ಈ ಷರತ್ತೇ ದೊಡ್ಡದು. 2023ರಲ್ಲಿ ಐರಿಸ್ ಮತ್ತು ಜಿಪಿಎಸ್‌ನಿಂದ ನೆಲದ ಚಲನೆ ಅಳೆಯುವವರ ಒಕ್ಕೂಟ ಯುನಾವ್ಕೋ ಸೇರಿ ಅರ್ಥ್‌ಸ್ಕೋಪ್ ಒಕ್ಕೂಟ ಆಗಿವೆ.

ಐರಿಸ್‌ನ ಇನ್ನೊಂದು ಸಾಹಸ ಟ್ರಾನ್ಸ್‌ಪೋರ್ಟೇಬಲ್ ಅರೇ, ಅಂದರೆ ಜಾಗ ಬದಲಿಸುತ್ತಾ ಹೋಗುವ ಸ್ಟೇಷನ್‌ಗಳ ಜಾಲ. ಸುಮಾರು 400 ಸ್ಟೇಷನ್, ಒಂದರಿಂದ ಒಂದಕ್ಕೆ 70 ಕಿಲೋಮೀಟರ್. ಒಂದೊಂದು ಜಾಗದಲ್ಲಿ ಎರಡು ವರ್ಷದಷ್ಟು ಇಟ್ಟು, ಕಿತ್ತು, ಪೂರ್ವಕ್ಕೆ ಸರಿಸುತ್ತಾ ಇಡೀ ಅಮೆರಿಕ ದಾಟಿಸಿದರು. ಆಮೇಲೆ ಅಲಾಸ್ಕಾ. ಬರೀ ಸಾಗಾಣಿಕೆಯನ್ನು ಯೋಚಿಸಿದರೇ ತಲೆ ತಿರುಗುತ್ತದೆ.

ಮನೆಯಲ್ಲೇ ಒಂದು ರಾಸ್ಪ್‌ಬೆರಿ ಶೇಕ್ ಎಂಬ ಪುಟ್ಟ ಭೂಕಂಪ ಮಾಪಕ ಇಡಬಹುದಲ್ಲ ಅಂತ ಗೆಳೆಯರು ಕೇಳುತ್ತಿರುತ್ತಾರೆ. ಇಡಬಹುದು, ಮಜಾ ಇರುತ್ತೆ. ಆದರೆ ಅದರಲ್ಲಿರುವುದು 4.5 ಹರ್ಟ್ಸ್ ಜಿಯೋಫೋನ್, ಮುಖ್ಯವಾಗಿ ವೇಗದ ಅಲುಗಾಟ ಹಿಡಿಯುವ ಸಂವೇದಕ. ನನ್ನ ಕೆಲಸಕ್ಕೆ ಅದಕ್ಕಿಂತ ತುಂಬಾ ನಿಧಾನದ ಅಲೆಗಳೂ ಬೇಕು, ಅಂದರೆ ವೇಗದ, ನಿಧಾನದ ಅಲೆಗಳೆರಡನ್ನೂ ಹಿಡಿಯುವ ಬ್ರಾಡ್‌ಬ್ಯಾಂಡ್ ಉಪಕರಣ. ಸಾಲದ್ದಕ್ಕೆ ಮನೆ ಮುಂದೆ ಬಿಎಂಟಿಸಿ ಬಸ್ಸು.

ಈಗ ನಡೆಯುತ್ತಿರುವುದು ಎರಡು ಕೆಲಸ. ಒಂದು, ಎಚ್‌ವೈಬಿಯ ಅದೇ ತುಂಡುಗಳನ್ನು ಉದ್ದ ಮಾಡಿ ಮ್ಯಾಂಟಲ್‌ನೊಳಗೆ 410 ಮತ್ತು 660 ಕಿಲೋಮೀಟರ್ ಆಳದಲ್ಲಿರುವ ಗಡಿಗಳನ್ನು ಹುಡುಕುವುದು. 44 ಸೆಕೆಂಡಿನ ಹತ್ತಿರ ಒಂದು ಉಬ್ಬು ಇದೆ, 410ರದ್ದು ಇರಬೇಕು. 68ರ ಹತ್ತಿರ ಸದ್ಯಕ್ಕೆ ಬರೀ ಗದ್ದಲ. ಇನ್ನಷ್ಟು ಭೂಕಂಪಗಳನ್ನು ಸೇರಿಸದೆ ಏನೂ ಹೇಳಲ್ಲ.

ಎರಡನೆಯದು ಹೈ-ಕ್ಲೈಂಬ್. 2002ರಿಂದ 2005ರವರೆಗೆ ಗಂಗಾ ಬಯಲಿನ ಕಡೆಯಿಂದ ನೇಪಾಳ ದಾಟಿ ಟಿಬೆಟ್‌ವರೆಗೆ ಸುಮಾರು 800 ಕಿಲೋಮೀಟರ್ ಸಾಲಾಗಿ ಬ್ರಾಡ್‌ಬ್ಯಾಂಡ್ ಸ್ಟೇಷನ್‌ಗಳನ್ನು ಇಟ್ಟ ಪ್ರಯೋಗ. ಉಪಕರಣ ಯಾವತ್ತೋ ಗೂಡು ಸೇರಿವೆ, ಡೇಟಾ ಭಂಡಾರದಲ್ಲಿದೆ, ಜಾಲದ ಕೋಡ್ ಎಕ್ಸ್‌ಎಫ್. ದಕ್ಷಿಣ ಟಿಬೆಟ್‌ನಲ್ಲಿ ಮೋಹೋ 70 ಕಿಲೋಮೀಟರ್ ಮುಟ್ಟುತ್ತದೆ, ಅಂದರೆ ನನ್ನ 4 ಸೆಕೆಂಡಿನ ಉಬ್ಬು ಅಲ್ಲಿ 8 ದಾಟಬೇಕು. ಸ್ಟೇಷನ್ ಪಟ್ಟಿ ಇಳಿಸಿ ಅಕ್ಷಾಂಶದ ಪ್ರಕಾರ ಜೋಡಿಸಿದ್ದೇನೆ. ಬಯಲಿನ ಮೆಕ್ಕಲು ಮಣ್ಣಿನ ಮೇಲಿನವನ್ನು ಸದ್ಯಕ್ಕೆ ಬಿಟ್ಟಿದ್ದೇನೆ, ಆ ಮೆತ್ತನೆ ಪದರದೊಳಗೇ ಅಲೆಗಳು ಪುಟಿದು ಎಲ್ಲವನ್ನೂ ಮುಚ್ಚಿಬಿಡುತ್ತವೆ. ಮೊದಲು ನೇಪಾಳದ ಬೆಟ್ಟಗಳವು.