ಶಹಾಬಾದ್ ಪರಸಿಗೆ ಬಿದ್ದ ಶಾಯಿ

ಮನೆಯಲ್ಲಿ ಟ್ಯೂಶನ್ ಇಟ್ಟುಕೊಂಡವರಿಗೆ ಫೀಸಿಗಿಂತ ಮೊದಲು ಬರುವುದು ಶಾಯಿ ಕಲೆ. ಪುಣೆಯ ಸದಾಶಿವ ಪೇಠೆಯಲ್ಲಿ, ಹಳೇ ಬಿಲ್ಡಿಂಗಿನ ಕೆಳಗಿನ ಮನೆ ನಮ್ಮದು. ಸಂಜೆಯಾದರೆ ಗಣಿತಕ್ಕೆ ಹುಡುಗರು ಬರುತ್ತಾರೆ. ಪಡಸಾಲೆಗೆ ಶಹಾಬಾದ್ ಪರಸಿ (ಹಾಸುಗಲ್ಲು), ಒಳಕೋಣೆಗೆ ವಿಟ್ರಿಫೈಡ್ ಟೈಲ್ಸ್, ಅಡುಗೆಕಟ್ಟೆಗೆ ಕಡಪಾ ಕಲ್ಲು, ಬರೆಯುವ ಮೇಜಿಗೆ ಬಿಳಿ ಸನ್‌ಮೈಕಾ, ಮಾವನವರ ಕಾಲದ ಸಾಗವಾನಿ ಕುರ್ಚಿಗೆ ಅರಗಿನ ಪಾಲಿಶ್. ಇವುಗಳಲ್ಲಿ ಶಾಯಿ ಕಾಣದ್ದು ಯಾವುದೂ ಇಲ್ಲ.

ಕಲೆ ಬಿತ್ತು ಅಂದಕೂಡಲೇ ಎಲ್ಲರೂ ಕೇಳುವುದು "ಯಾವ ಪೆನ್ನು?" ಅಂತ. ನಾನು ಕೇಳುವುದು "ಎಲ್ಲಿ ಬಿತ್ತು?" ಅಂತ. ಪೆನ್ನಿನ ವಿಚಾರ ಆಮೇಲೆ. ಯಾಕೆಂದರೆ ಶಾಯಿ ಮನೆ ಕೆಡಿಸಿದ್ದಕ್ಕಿಂತ ಶಾಯಿ ತೆಗೆಯುವ ಉಪಾಯಗಳು ಕೆಡಿಸಿದ್ದೇ ಹೆಚ್ಚು. ನಮ್ಮ ಅತ್ತೆಯವರ ಔಷಧ ಎಲ್ಲದಕ್ಕೂ ಒಂದೇ: "ಲಿಂಬಿಹಣ್ಣು ಉಪ್ಪು ಹಚ್ಚಿ ತಿಕ್ಕವಾ, ಹೋಗ್ತದ." ತಾಮ್ರದ ತಂಬಿಗೆಗೆ ಅದು ಸರಿ. ಆದರೆ ಶಹಾಬಾದ್, ಕಡಪಾ, ಕೋಟಾ ಎಲ್ಲವೂ ಸುಣ್ಣದ ಕಲ್ಲೇ, ಅಮೃತಶಿಲೆಯೂ ಅದೇ ವಂಶ. ಹುಳಿ ತಾಗಿದರೆ ಕಲ್ಲೇ ಕರಗುತ್ತದೆ. ಪಕ್ಕದ ಮನೆಯ ಕಾಕೂ (ಇಲ್ಲಿ ಚಿಕ್ಕಮ್ಮನ ವಯಸ್ಸಿನವರನ್ನೆಲ್ಲ ಕರೆಯುವುದು ಹೀಗೇ) ಟಾಯ್ಲೆಟ್ಟಿಗೆ ಹಾಕುವ ಆ್ಯಸಿಡ್ಡನ್ನೇ ಪರಸಿಯ ಮೇಲೆ ಸುರಿದಿದ್ದರು. ಶಾಯಿಯೇನೋ ಹೋಯಿತು, ಜೊತೆಗೆ ಕಲ್ಲಿನ ಹೊಳಪೂ ಹೋಯಿತು. ಈಗ ಅಲ್ಲಿ ತಾಟಿನಷ್ಟು ದೊಡ್ಡ ಬಿಳೀ ಒರಟು ಮಚ್ಚೆ ಇದೆ. ಅದರ ಮೇಲೆ ಕಾಲೊರಸು ಹಾಕಿದ್ದಾರೆ.

ಪೆನ್ನಿನ ಲೆಕ್ಕ ಸುಲಭ. ಬಾಲ್‌ಪೆನ್ನಿನ ಶಾಯಿ ಜಿಡ್ಡಿನ ಜಾತಿಯದು, ನೀರಿಗೆ ಬಗ್ಗುವುದಿಲ್ಲ, ಸ್ಪಿರಿಟ್ಟಿಗೆ ಕರಗುತ್ತದೆ. ಪರ್ಮನೆಂಟ್ ಮಾರ್ಕರ್ ಕೂಡ ಸ್ಪಿರಿಟ್ಟಿಗೇ ಬಗ್ಗುತ್ತದೆ. ವೈಟ್‌ಬೋರ್ಡ್ ಮೇಲೆ ಯಾರಾದರೂ ಅದರಲ್ಲಿ ಗೀಚಿದರೆ, ಅದರ ಮೇಲೇ ಬೋರ್ಡ್ ಮಾರ್ಕರಿನಿಂದ ಗೀಚಿ ತಕ್ಷಣ ಒರೆಸಿ, ಎರಡೂ ಒಟ್ಟಿಗೆ ಬರುತ್ತವೆ. ಇಂಕ್‌ಪೆನ್ನಿನ ಶಾಯಿ ನೀರಿನದು, ಒಣಗುವ ಮೊದಲು ಒದ್ದೆ ಬಟ್ಟೆ ಸಾಕು. ತಲೆನೋವು ಜೆಲ್ ಪೆನ್ನು. ಅದರಲ್ಲಿ ಹೆಚ್ಚಿನವಕ್ಕೆ ಬಣ್ಣ ಕೊಡುವುದು ಪುಡಿ, ಕರಗುವ ರಂಗಲ್ಲ. ಒಮ್ಮೆ ಒಣಗಿ ಕೂತರೆ ಸ್ಪಿರಿಟ್ ಹಾಕಿದರೂ ಕರಗುವುದಿಲ್ಲ, ತಿಕ್ಕಿಯೇ ಎಬ್ಬಿಸಬೇಕು.

"ಹಾಗಾದರೆ ವೋಟಿನ ಶಾಯಿ ಸ್ಪಿರಿಟ್ಟಿಗೆ ಹೋಗುತ್ತಾ ಕಾಕೂ?" ಅಂತ ಟ್ಯೂಶನ್ನಿನ ಹುಡುಗನೊಬ್ಬ ನನ್ನನ್ನು ಕೇಳಿದ್ದ. ಇಲ್ಲಪ್ಪ. 1962ರ ಚುನಾವಣೆಯಿಂದ ನಮ್ಮ ಮೈಸೂರಿನ ಕಾರ್ಖಾನೆ ಮಾಡಿಕೊಡುವ ಆ ಶಾಯಿಯಲ್ಲಿರುವುದು ಸಿಲ್ವರ್ ನೈಟ್ರೇಟ್. ಅದು ಚರ್ಮದ ಜೊತೆ ಸೇರಿ ಬೆಳಕಿಗೆ ಕಪ್ಪಾಗುತ್ತದೆ, ಚರ್ಮ, ಉಗುರು ಬೆಳೆದು ಹೊಸದಾದಾಗಲೇ ಹೋಗುವುದು.

ಸನ್‌ಮೈಕಾ, ಟೈಲ್ಸ್ ಮೇಲೆ ಬಾಲ್‌ಪೆನ್ ಗೆರೆ ಎಳೆದಿದ್ದರೆ ಮೆಡಿಕಲ್ಲಿನಲ್ಲಿ ಸಿಗುವ ಸರ್ಜಿಕಲ್ ಸ್ಪಿರಿಟ್, ಇಲ್ಲವೇ ಕೋವಿಡ್ ಕಾಲದ ಸ್ಯಾನಿಟೈಸರ್ ಸಾಕು. ಜೆಲ್ ಸ್ಯಾನಿಟೈಸರ್ ಆದರೆ ಇನ್ನೂ ಒಳ್ಳೆಯದು, ಹರಿದುಹೋಗದೆ ಕಲೆಯ ಮೇಲೇ ಕೂರುತ್ತದೆ. ಕಲೆಯ ಮೇಲೆ ಸುರಿಯಬೇಡಿ, ಹತ್ತಿಗೆ ಹಾಕಿಕೊಳ್ಳಿ. ಹತ್ತಿಯನ್ನು ಗೆರೆಯ ಮೇಲೆ ಒತ್ತಿ ಸ್ವಲ್ಪ ಹೊತ್ತು ಬಿಟ್ಟರೆ ಗೆರೆಯ ಅಂಚು ಸಡಿಲಾಗಿ ನೇರಳೆ ಬಣ್ಣ ಹತ್ತಿಗೆ ಏರುತ್ತದೆ. ಆಗ ಎತ್ತಿ, ಹತ್ತಿಯ ಮಗ್ಗಲು ಬದಲಿಸಿ, ಹೊರಗಿನಿಂದ ಒಳಗೆ ಒರೆಸಿ. ಅದೇ ಕೊಳಕು ಹತ್ತಿಯಿಂದ ಗರಗರ ತಿಕ್ಕಿದರೆ ಗೆರೆಯಿದ್ದಲ್ಲಿ ಮೋಡ ಹಬ್ಬುತ್ತದೆ. ಹತ್ತಿರ ಗ್ಯಾಸ್, ದೇವರ ದೀಪ ಉರಿಯುತ್ತಿರಬಾರದು. ಉಗುರುಬಣ್ಣ ತೆಗೆಯುವ ದ್ರವವನ್ನಂತೂ ಸ್ವಿಚ್‌ಬೋರ್ಡ್, ಪ್ಲಾಸ್ಟಿಕ್ ಕುರ್ಚಿಯ ಹತ್ತಿರ ತರಲೇಬೇಡಿ. ಅದರಲ್ಲಿ ಅಸಿಟೋನ್ ಇದ್ದರೆ ಎಷ್ಟೋ ಪ್ಲಾಸ್ಟಿಕ್ಕುಗಳು ಕರಗಿ ಅಂಟಾಗುತ್ತವೆ.

ಇದೇ ಸ್ಪಿರಿಟ್ ಸಾಗವಾನಿ ಕುರ್ಚಿಗೆ ಶತ್ರು. ಅರಗಿನ ಪಾಲಿಶ್ ಮಾಡುವುದೇ ಅರಗನ್ನು ಸ್ಪಿರಿಟ್ಟಿನಲ್ಲಿ ಕರಗಿಸಿ, ಹಾಗಾಗಿ ಶಾಯಿಗಿಂತ ಮೊದಲು ಪಾಲಿಶೇ ಏಳುತ್ತದೆ. ಕೈಹಿಡಿಯ ಮೇಲಿನ ನೀಲಿ ಗೀಟನ್ನು ನಾನು ಮುಟ್ಟಲು ಹೋಗಿಲ್ಲ. ಮತ್ತೆ ಪಾಲಿಶ್ ಮಾಡಿಸುವಾಗ ನೋಡಿಕೊಂಡರಾಯಿತು.

ಟೈಲ್ಸ್ ನಡುವಿನ ಸಿಮೆಂಟ್ ಗೆರೆ ಶಾಯಿ ಕುಡಿದುಬಿಡುತ್ತದೆ. ಅದು ಬಿಳಿಯದಾಗಿದ್ದರೆ ನೀರು ಬೆರೆಸಿದ ಬ್ಲೀಚನ್ನು ಹಳೇ ಟೂತ್‌ಬ್ರಶ್ಶಿನಿಂದ ಹಚ್ಚಿ ತೊಳೆಯಿರಿ. ಅದರ ಜೊತೆ ಟಾಯ್ಲೆಟ್ ಆ್ಯಸಿಡ್ ಸೇರಿಸಿದರೆ ಕ್ಲೋರಿನ್ ಗಾಳಿ ಏಳುತ್ತದೆ, ಉಸಿರು ಕಟ್ಟುತ್ತದೆ. ಕೆಲಸದ ಮಾವಶಿಗೆ ಇದನ್ನು ಹೇಳಿ ಹೇಳಿ, ಕೊನೆಗೆ ಎರಡು ಬಾಟಲಿಗಳನ್ನೂ ಬೇರೆ ಬೇರೆ ಕೋಣೆಯಲ್ಲಿ ಇಟ್ಟಿದ್ದೇನೆ.

ಇನ್ನು ಪರಸಿ. ಕಲಬುರಗಿಯ ಕಡೆಯಿಂದ ಬಂದ ಕಲ್ಲು ಅಂತ ನನಗೆ ಇದರ ಮೇಲೆ ಸ್ವಲ್ಪ ಮಮತೆ ಜಾಸ್ತಿ. ಇದರ ಕಷ್ಟವೆಂದರೆ ಶಾಯಿ ಮೇಲೆ ನಿಲ್ಲುವುದಿಲ್ಲ, ಸಣ್ಣ ರಂಧ್ರಗಳೊಳಗೆ ಇಳಿಯುತ್ತದೆ. ಒಳಗಿಳಿದದ್ದನ್ನು ತಿಕ್ಕಿ ತೆಗೆಯಲಾಗದು, ಮೇಲಕ್ಕೆ ಎಳೆಯಬೇಕು. ಮೆಡಿಕಲ್ಲಿನಿಂದ ಹೈಡ್ರೋಜನ್ ಪೆರಾಕ್ಸೈಡ್ ತಂದು, ಕೈಗವಸು ಹಾಕಿಕೊಂಡು, ಮೈದಾ ಅಥವಾ ಮೈಗೆ ಹಚ್ಚುವ ಟಾಲ್ಕಂ ಪೌಡರಿನಲ್ಲಿ ಕಲೆಸಿ. ಹದ ಇಡ್ಲಿ ಹಿಟ್ಟಿಗಿಂತ ಗಟ್ಟಿ ಇರಲಿ. ಮೊದಲು ಕಪಾಟಿನ ಹಿಂದೆ, ಯಾರಿಗೂ ಕಾಣದ ಮೂಲೆಯಲ್ಲಿ ಪರೀಕ್ಷಿಸಿ, ಪೆರಾಕ್ಸೈಡ್ ಕಲ್ಲಿನ ಬಣ್ಣವನ್ನೂ ಎಳೆಯಬಹುದು. ಕಪ್ಪು ಕಡಪಾಕ್ಕಾದರೆ ಪೆರಾಕ್ಸೈಡ್ ಬೇಡವೇ ಬೇಡ, ಸ್ಪಿರಿಟ್ಟಿನಲ್ಲಿ ಕಲೆಸಿ. ಲೇಪವನ್ನು ಕಲೆಯ ಅಂಚು ದಾಟುವಂತೆ ದಪ್ಪಗೆ ಹಚ್ಚಿ, ಪ್ಲಾಸ್ಟಿಕ್ ಹಾಳೆ ಮುಚ್ಚಿ, ಸುತ್ತ ಟೇಪ್ ಅಂಟಿಸಿ, 24 ಗಂಟೆ ಬಿಡಿ. ಮರುದಿನ ಹಾಳೆ ತೆಗೆದು ಪೂರ್ತಿ ಒಣಗಲು ಬಿಡಬೇಕು. ಅವಸರ ಮಾಡುವವರು ಕೆಡಿಸುವುದು ಇಲ್ಲೇ. ಲೇಪ ಒಣಗುತ್ತ ಹೋದಂತೆ ಒಳಗಿನ ತೇವ ಮೇಲೇರುತ್ತದೆ, ಶಾಯಿಯೂ ಅದರ ಜೊತೆ ಬರುತ್ತದೆ. ಬಿರುಕುಬಿಟ್ಟ ಹಕ್ಕಳೆಯನ್ನು ಪ್ಲಾಸ್ಟಿಕ್ ಸ್ಕೇಲಿನಿಂದ ಎಬ್ಬಿಸಿ, ಬರೀ ನೀರಿನಿಂದ ಒರೆಸಿ. ಹಳೇ ಕಲೆಯಾದರೆ ಒಂದು ಸಲಕ್ಕೆ ತಿಳಿಯಾಗುತ್ತದೆ ಅಷ್ಟೇ, ಮತ್ತೆ ಹಚ್ಚಬೇಕು.

ಲೇಪ ಒಣಗುವಷ್ಟು ಹೊತ್ತೂ ನಾನು ಅದರ ಮೇಲೆ ಹೂವಿನ ಬುಟ್ಟಿ ಬೋರಲು ಹಾಕಿಡುತ್ತೇನೆ. ಗಾಳಿಯೂ ಆಡುತ್ತದೆ, ಕಾಲೂ ಬೀಳುವುದಿಲ್ಲ. ಇಲ್ಲದಿದ್ದರೆ "ಕಾಕೂ, ಇದೇನು?" ಅಂತ ಬರುವವರೆಲ್ಲ ಒಂದೊಂದು ಸಲ ಪೆನ್ನಿನ ತುದಿಯಿಂದ ಚುಚ್ಚಿ ನೋಡುತ್ತಾರೆ.